ಅಜ್ಜಿಯ ಹಾಸಿಗೆ ನೆನೆಸಿದ ಹವಾಮಾನದವರಿಗೆ

ಬೆಟ್ಟದ ಈ ಮಗ್ಗುಲಿಗೊಂದು, ಆ ಮಗ್ಗುಲಿಗೊಂದು ಮುಖ ತೋರಿಸುತ್ತ ಸುಖವಾಗಿ ವಾಸಿಸುತ್ತಿರುವ, ವಸಂತಕಾಲದ ಹವಾಮಾನವೆಂಬ ಮಾನ್ಯರೇ,

ಇತ್ತ ನಾವೆಲ್ಲ ಕ್ಷೇಮ, ಸ್ವಲ್ಪ ಒದ್ದೆ. ತಮ್ಮ ಕ್ಷೇಮಸಮಾಚಾರ ಕೇಳುವ ಅಗತ್ಯವಿಲ್ಲ. ಬೆಳಗಿನಿಂದ ಹಲವು ಸಲ ತಾವೇ ಖುದ್ದಾಗಿ ನಮ್ಮ ಮಹಡಿಗೆ ಬಂದು ತಿಳಿಸಿ ಹೋಗಿದ್ದೀರಿ. ನಾನು ಏರುಬೀದಿಯ ತಿರುವಿನಲ್ಲಿ ಹಾಸಿಗೆ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ಹತ್ತಿ ಹಿಂಜುವುದು, ತುಂಬುವುದು, ದಬ್ಬಣ ಹಿಡಿದು ಹೊಲಿಯುವುದು ನಮ್ಮ ಮನೆತನದ ಕಸುಬು. ದೊಡ್ಡವರಿಗೆ ಪತ್ರ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಬೈದುಬಿಡಿ, ಸಿಡಿಲು ಮಾತ್ರ ಕಳಿಸಬೇಡಿ.

ವಿಷಯಕ್ಕೆ ಬರುತ್ತೇನೆ. ಬೆಟ್ಟದ ಆಚೆ ಮಗ್ಗುಲಲ್ಲಿರುವ ನನ್ನ ತಂಗಿ ತುಂಬು ಬಸುರಿ; ಮುಂದಿನ ವಾರದ ಕೊನೆಗೆ ಹೆರಿಗೆ ಎಂದು ಡಾಕ್ಟರು ಹೇಳಿದ್ದಾರೆ. ನಮ್ಮ ಮನೆಯಲ್ಲಿ ಹುಟ್ಟುವ ಕೂಸಿನ ಮೊದಲ ಹಾಸಿಗೆಗೆ ಅಂಗಡಿಯ ಹೊಸ ಹತ್ತಿ ಹಾಕುವುದಿಲ್ಲ. ಮನೆಯ ಹಿರಿಯರ ಹಾಸಿಗೆ ಬಿಚ್ಚಿ, ಆ ಹತ್ತಿಯನ್ನು ಬಿಸಿಲಿಗೆ ಹರವಿ, ಹಿಂಜಿ, ಅದನ್ನೇ ತುಂಬುತ್ತೇವೆ. ಕೊನೆಯ ಹೊಲಿಗೆಯನ್ನು ಆ ಹಿರಿಯರೇ ಹಾಕಬೇಕು. ಮನುಷ್ಯರು ನಿದ್ದೆ ಮಾಡಿದ ಹತ್ತಿಗೆ ನಿದ್ದೆ ಮಾಡಿಸುವುದೂ ಗೊತ್ತಿರುತ್ತದೆ ಎನ್ನುವುದು ನಮ್ಮ ಅಜ್ಜಿಯ ವಾದ. ಈಗ ಮನೆಗೆ ಹಿರಿಯಳು ಅವಳೇ. ಅವಳ ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿದೆ. "ನಂಗೆ ಸೂಜಿ ಕಾಣಿಸ್ತಿರೋವಾಗ್ಲೇ ಮುಗಿಸಿಬಿಡೇ" ಎಂದು ಅವಳು ನಗುತ್ತ ಹೇಳುತ್ತಾಳೆ. ನನಗೆ ನಗು ಬರುವುದಿಲ್ಲ, ಭಯವಾಗುತ್ತದೆ.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ: ಹಳೇ ಹಾಸಿಗೆಯನ್ನು ಎಂದೂ ಪೂರ್ತಿ ಬಿಚ್ಚಬಾರದು, ಅರ್ಧ ಬಿಚ್ಚಿ ಒಣಗಿಸಿ ತುಂಬಿದ ಮೇಲೆ ಉಳಿದರ್ಧಕ್ಕೆ ಕೈ ಹಾಕಬೇಕು. ಹಾಗೆ ಮಾಡಿದರೆ ಆಕಾಶ ಕೈಕೊಟ್ಟರೂ ಮಲಗುವವರಿಗೆ ಅರ್ಧ ಹಾಸಿಗೆಯಾದರೂ ಉಳಿಯುತ್ತದೆ. ಆದರೆ ಸೋಮವಾರ ತಾವು ತೋರಿಸಿದ ಬಿಸಿಲಿನ ಚೆಂದವೇ ಚೆಂದ! ರೇಡಿಯೋದವರು ಕೂಡ "ಒಣ ಹವೆ" ಎಂದು ತಮ್ಮ ಪರವಾಗಿ ಮಾತು ಕೊಟ್ಟರು. "ಅವನು ಕಿಟಕಿ ಇಲ್ಲದ ರೂಮಲ್ಲಿ ಕೂತು ಹೇಳ್ತಾನೆ ಕಣೇ" ಎಂದು ಅಜ್ಜಿ ಗೊಣಗಿದಳು. ನಾನು ಅವಳ ಮಾತು ಕೇಳದೆ, ತಮ್ಮ ಮೇಲಿನ ವಿಶ್ವಾಸದಿಂದ ಇಡೀ ಹಾಸಿಗೆಯ ಹೊಟ್ಟೆ ಸೀಳಿ, ಹತ್ತಿಯನ್ನೆಲ್ಲ ಮಹಡಿಯ ಮೇಲೆ ಹರವಿ ಕೆಳಗಿಳಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬಾರದು ಎನ್ನುತ್ತಾರೆ. ಹಾಸಿಗೆ ಬಿಚ್ಚಬಾರದು ಎಂದು ಆ ಗಾದೆಯಲ್ಲಿಲ್ಲ.

ಆಮೇಲೆ ತಾವು ತೋರಿಸಿದ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಯಾವ ಕಚೇರಿಯಲ್ಲೂ ಕಡತ ಇಷ್ಟು ಬೇಗ ಮುಂದೆ ಹೋಗುವುದಿಲ್ಲ. ನಾನು ಮೆಟ್ಟಿಲಿಳಿದು ಮುಗಿಸುವುದರೊಳಗೆ ಗಾಳಿ, ಅದರ ಬೆನ್ನಿಗೇ ಮಳೆ, ಅದರೊಳಗೇ ಆಲಿಕಲ್ಲು, ಕೊನೆಗೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಬಿಸಿಲು! ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದು ರೈತರಿಗೆ ಎಂದುಕೊಂಡಿದ್ದೆ. ತಾವು ನನ್ನ ಹತ್ತಿಯನ್ನೇ ತೂರಿಕೊಂಡಿರಿ. ಅದರಲ್ಲೊಂದಿಷ್ಟು ಕೆಳಬೀದಿಯ ಕ್ಷೌರದಂಗಡಿಗೆ ನುಗ್ಗಿ, ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದ ಹೊಸ ಮದುಮಗನ ಗಲ್ಲಕ್ಕೆ ಅಂಟಿ, ಅವನನ್ನು ಕನ್ನಡಿಯೆದುರೇ ಮುದುಕನನ್ನಾಗಿ ಮಾಡಿತಂತೆ. ಕ್ಷೌರದವರು ಸಭ್ಯಸ್ಥರು, ಹತ್ತಿಯನ್ನು ಗುಡಿಸಿ ಕಾಗದದಲ್ಲಿ ಕಟ್ಟಿ, ಅದರೊಂದಿಗೆ ಊರಿನವರ ಕೂದಲನ್ನೂ ಸೇರಿಸಿ ವಾಪಸ್ ಕಳಿಸಿದ್ದಾರೆ. "ಅದನ್ನ ನಿನ್ ದಿಂಬಿಗೆ ತುಂಬ್ಕೋ" ಎಂದು ಅಜ್ಜಿಯ ಅಪ್ಪಣೆಯಾಗಿದೆ.

ತಂಗಿಗೆ ಫೋನು ಮಾಡಿ ಗೋಳು ಹೇಳಿಕೊಂಡರೆ ಅವಳು ನಂಬಲೇ ಇಲ್ಲ. "ಸುಮ್ನಿರಕ್ಕಾ, ಇಲ್ಲಿ ಬಿಸಿಲು ಚುರ್ ಅಂತಿದೆ" ಎಂದಳು. ಹಾಗಾದರೆ ಅಲ್ಲೇ ಒಣಗಿಸೋಣವೆಂದು ಅವಳ ಗಂಡನನ್ನು ಕರೆಸಿ, ಒದ್ದೆ ಹತ್ತಿಯ ಮೂಟೆಗಳನ್ನು ಸ್ಕೂಟರಿಗೆ ಬಿಗಿದು ಕಳಿಸಿದೆವು. ಪಾಪ, ಆತ ತಿರುವುಗಳನ್ನೆಲ್ಲ ಹತ್ತಿ ಅತ್ತ ಇಳಿಯುವಷ್ಟರಲ್ಲಿ, ತಮ್ಮ ಬಿಸಿಲು ಅದೇ ರಸ್ತೆಯಲ್ಲಿ ಎದುರಿಗೆ ಬಂದು ಅವನನ್ನು ದಾಟಿಕೊಂಡು ನಮ್ಮ ಕಡೆಗೆ ಬಂದುಬಿಟ್ಟಿತ್ತು. ಅತ್ತ ಆತ ಮರದ ಕೆಳಗೆ ನಡುಗುತ್ತ ನಿಂತಿದ್ದಾಗ ಇತ್ತ ನಮ್ಮ ಖಾಲಿ ಮಹಡಿ ಫಳಫಳ ಹೊಳೆಯುತ್ತಿತ್ತು. ಮೂಟೆಗಳು ಹೋದದ್ದಕ್ಕಿಂತ ಭಾರವಾಗಿ ಮರಳಿದವು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಹಾಸಿಗೆಯೇ ಇಲ್ಲದವರು ಕಾಲನ್ನು ಎಲ್ಲಿಡಬೇಕೆಂಬುದನ್ನು ತಾವು ದಯವಿಟ್ಟು ತಿಳಿಸಬೇಕು. ಅಜ್ಜಿ ಈಗ ನನ್ನ ಹಾಸಿಗೆಯಲ್ಲಿ ಮಲಗುತ್ತಾಳೆ. ಅಂಗಡಿಯ ತುಂಬ ಹೊಲಿದಿಟ್ಟ ಹಾಸಿಗೆಗಳಿದ್ದರೂ, ಗಿರಾಕಿಯ ಹಾಸಿಗೆಯಲ್ಲಿ ಹೊಲಿದವರು ಮಲಗಬಾರದೆಂಬ ಕಟ್ಟುನಿಟ್ಟಿನಿಂದಾಗಿ ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿ, ಬೆಳಿಗ್ಗೆ ಎದ್ದಾಗ ಬೆನ್ನ ಮೇಲೆ ಅಳತೆಪಟ್ಟಿಯ ಗೆರೆ ಹೊತ್ತು ಓಡಾಡುತ್ತಿದ್ದೇನೆ. ಅಜ್ಜಿಗೂ ನನ್ನ ಹಾಸಿಗೆ ಒಗ್ಗಿಲ್ಲ. ಎದ್ದವಳೇ ಮೂಟೆಗೆ ಕೈ ಹಾಕಿ "ಒಣಗಿತಾ?" ಎಂದು ಕೇಳುತ್ತಾಳೆ, ಇಲ್ಲವೆಂದರೆ ಸುಮ್ಮನಾಗುತ್ತಾಳೆ. ಬಾಯಿತುಂಬ ಬಯ್ಯುವ ಅಜ್ಜಿ ಸುಮ್ಮನಾಗುವುದನ್ನು ನೋಡಲು ನನ್ನಿಂದಾಗದು.

ಇನ್ನು ಮುಂದಿನ ವಾರದ ತಮ್ಮ ಕಾರ್ಯಕ್ರಮ ಪ್ರಕಟವಾಗಿದೆ. ಬಿಸಿಲು, ಮೋಡ, ಮಂಜು, ಗುಡುಗು, ಕೆಲವೆಡೆ ಆಲಿಕಲ್ಲು, ಅಲ್ಲಲ್ಲಿ ತುಂತುರು ಎಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದಂತೆ ಹೇಳಿದ್ದಾರೆ. ಆ "ಅಲ್ಲಲ್ಲಿ" ಎಂಬುದು ನಮ್ಮ ಮಹಡಿಯೇ ಎಂದು ನನಗೆ ಅನುಭವದಿಂದ ಗೊತ್ತು. ಆದಕಾರಣ ಕೆಲವು ಚಿಕ್ಕ ಕೋರಿಕೆಗಳು. ಗಾಳಿಯವರು ಬರುವ ಮುನ್ನ ಬಾಗಿಲು ತಟ್ಟಲಿ. ಆಲಿಕಲ್ಲು ಬೀಳಿಸಲೇಬೇಕೆಂದಿದ್ದರೆ ಮೇಲಿನ ಕಲ್ಲುಗಣಿಯಲ್ಲಿ ಬೀಳಿಸಿ, ಕಲ್ಲಿಗೆ ಕಲ್ಲು ನೆಂಟರು. ಮಳೆಯವರಿಗೆ ವಾರದಲ್ಲಿ ಒಂದು ದಿನ ರಜೆ ಕೊಟ್ಟು ಅವರ ಹೆಂಡತಿ ಮಕ್ಕಳ ಆಶೀರ್ವಾದ ಪಡೆಯಿರಿ. ಇದಾವುದೂ ಸಾಧ್ಯವಿಲ್ಲದಿದ್ದರೆ ಬೆಟ್ಟವನ್ನಾದರೂ ಸ್ವಲ್ಪ ಪಕ್ಕಕ್ಕೆ ಸರಿಸಿಕೊಡಿ, ಸರಿಸುವಾಗ ನಮ್ಮ ಬೀದಿಯ ನಲ್ಲಿ ಮುರಿಯದಂತೆ ನೋಡಿಕೊಳ್ಳಿ.

ತಮಾಷೆ ಸಾಕು. ನನಗೆ ಬೇಕಾಗಿರುವುದು ಒಂದೇ ಒಂದು ಮಧ್ಯಾಹ್ನ, ನಡುವೆ ಮನಸ್ಸು ಬದಲಾಯಿಸದ ಮಧ್ಯಾಹ್ನ. ನಮ್ಮಜ್ಜಿಯ ಕಣ್ಣಿನಲ್ಲಿ ಒಂದು ಹೊಲಿಗೆಗಾಗುವಷ್ಟು ಬೆಳಕು ಇನ್ನೂ ಇದೆ. ಅದು ಹೋಗುವ ಮುನ್ನ ಬನ್ನಿ.

ತಮ್ಮ ಗುಡುಗಿಗೂ ಗೌರವ ಕೊಟ್ಟು ಟಾರ್ಪಾಲಿನ ಅಡಿಯಿಂದ ಕೈಮುಗಿಯುವ,
ತಮ್ಮ ವಿಶ್ವಾಸಿ (ವಿಶ್ವಾಸ ಈಗ ಕೊಂಚ ನೆನೆದಿದೆ),
ಏರುಬೀದಿಯ ಹಾಸಿಗೆಯವಳು

ಕೊನೆಗೊಂದು ಮಾತು: ಪತ್ರವನ್ನು ಅಂಚೆಗೆ ಹಾಕುವ ಮೊದಲೇ ತಂಗಿಯ ಗಂಡ ಏದುಸಿರು ಬಿಡುತ್ತ ಬಂದ. ಡಾಕ್ಟರ ಲೆಕ್ಕ ಸುಳ್ಳಾಗಿದೆ, ಹೆಣ್ಣು ಕೂಸು, ತಾಯಿ ಮಗು ಆರಾಮ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊಳದುದ್ದದ ಕೂಸಿಗೆ ಇಡೀ ಹಾಸಿಗೆ ಒಣಗಿಸ್ತಾ ಕೂತಿದ್ದೀಯಲ್ಲೇ, ಪೆದ್ದಿ" ಎಂದವಳೇ, ಮೂಟೆಯಿಂದ ಒಂದು ಮಡಿಲು ಹತ್ತಿ ತೆಗೆದು, ಒಲೆಯ ಪಕ್ಕ ಕೂತು, ಬಿಡಿಸಿ ಬಿಡಿಸಿ ಒಣಗಿಸಿ, ಬೆರಳಲ್ಲೇ ಹಿಂಜಿದಳು. ನಾನು ಚೀಲ ಹೊಲಿದೆ. ಕೊನೆಯ ಹೊಲಿಗೆಯನ್ನು ಅವಳೇ ಹಾಕಿದಳು; ಕಣ್ಣಿಗೆ ಕಂಡಿತೋ, ಕೈಗೇ ಗೊತ್ತಿತ್ತೋ, ನಾನು ಕೇಳಲಿಲ್ಲ. ಆದ್ದರಿಂದ ನನ್ನ ಮನವಿಯನ್ನು ವಾಪಸ್ ಪಡೆಯುತ್ತಿದ್ದೇನೆ. ಕೂಸು ಹುಟ್ಟಿದಾಗ ಅಲ್ಲಿ ಬಿಸಿಲಿತ್ತೋ ಮಳೆಯಿತ್ತೋ ಎಂದು ತಂಗಿಯ ಗಂಡನನ್ನು ಕೇಳಿದೆ. "ಯಾರಿಗ್ ಗೊತ್ತಕ್ಕಾ, ಯಾರೂ ಹೊರಗಡೆ ನೋಡ್ಲಿಲ್ಲ" ಎಂದ.