ತೊಟ್ಟಿಲ ಮುಂದೆ ಕ್ಯಾಮೆರಾ

ಹಸುಗೂಸುಗಳ ಫೋಟೋ ತೆಗೆಯುವುದು ನನ್ನ ಉದ್ಯೋಗ. ಬಾಗಲಕೋಟೆಯಲ್ಲಿ ಸಣ್ಣದೊಂದು ಸ್ಟುಡಿಯೋ ಇದೆ. ಆದರೆ ಬಾಣಂತಿಯನ್ನು ಹೊಸ್ತಿಲು ದಾಟಿಸಲು ನಮ್ಮ ಕಡೆ ಹಿರಿಯರು ಒಪ್ಪುವುದಿಲ್ಲ, ಹಾಗಾಗಿ ಚೀಲ ಹೊತ್ತು ನಾನೇ ಮನೆಮನೆಗೆ ಹೋಗುತ್ತೇನೆ. ಕೂಸುಗಳಿಂದ ನನಗೆ ಇವತ್ತಿನವರೆಗೂ ಯಾವ ತೊಂದರೆಯೂ ಆಗಿಲ್ಲ. ಅವು ಅಳುತ್ತವೆ, ಉಚ್ಚೆ ಹೊಯ್ಯುತ್ತವೆ, ನಿದ್ದೆ ಮಾಡುತ್ತವೆ. ಆಗುವುದೆಲ್ಲ ಸುತ್ತ ನಿಂತವರಿಂದ. ಈ ಮನೆಯಲ್ಲಿ ಏನೂ ಆಗಲಿಲ್ಲವೆಂದು ಸಮಾಧಾನಪಟ್ಟರೆ ಮುಂದಿನ ಮನೆಯಲ್ಲಿ ಎರಡೂ ಮನೆಯದು ಸೇರಿ ಆಗುತ್ತದೆ.

ಬುಟ್ಟಿ

ಇಳಕಲ್ಲಿನ ಒಂದು ಮನೆ, ಹದಿನೈದು ದಿನದ ಹೆಣ್ಣುಕೂಸು. ಬಿದಿರಿನ ಬುಟ್ಟಿಗೆ ಮೆತ್ತನೆಯ ಬಟ್ಟೆ ಹಾಸಿ, ಕೂಸನ್ನು ಮಲಗಿಸಿ, ಬೆಳಕು ಹೊಂದಿಸುತ್ತಿದ್ದೆ. ಅಡುಗೆಮನೆಯಿಂದ ಬಂದ ಅಜ್ಜಿ ಬಾಗಿಲಲ್ಲೇ ಸೊಂಟದ ಮೇಲೆ ಕೈ ಇಟ್ಟು ನಿಂತರು.

"ರೊಟ್ಟಿ ಇಡೂ ಬುಟ್ಟ್ಯಾಗ ಕೂಸಿನ್ನ ಇಡ್ತಾರೇನ ಯವ್ವಾ?"

ಇದು ಈಗಿನ ಪದ್ಧತಿ ಎಂದು ಮೊಬೈಲಿನಲ್ಲಿ ಹತ್ತು ಫೋಟೋ ತೋರಿಸಿದೆ. ಹತ್ತನ್ನೂ ನೋಡಿ, ಅಷ್ಟೂ ಮನೆಯಲ್ಲಿ ಹಿರಿಯರಿಲ್ಲ ಎಂದು ತೀರ್ಮಾನ ಕೊಟ್ಟು, ಕೂಸನ್ನು ಎತ್ತಿಕೊಂಡು ಹೋಗಿಬಿಟ್ಟರು. ಸೊಸೆ ಅರ್ಧ ತಾಸು ಗೋಗರೆದ ಮೇಲೆ ತಮ್ಮ ಹಳೆಯ ಸೀರೆ ತಂದು, ತಾವೇ ನಾಲ್ಕು ಮಡಿಕೆ ಮಾಡಿ ಬುಟ್ಟಿಯಲ್ಲಿ ಹಾಸಿ, ತಾವೇ ಮಲಗಿಸಿದರು. ಆ ಸೀರೆಯ ಕೆಂಪು ಸೆರಗಿನ ಮೇಲೆ ಕೂಸು ಎಷ್ಟು ಚಂದ ಕಂಡಿತೆಂದರೆ, ನಾನು ದುಡ್ಡು ಕೊಟ್ಟು ತರಿಸಿದ್ದ ಬಟ್ಟೆಯನ್ನು ಸುಮ್ಮನೆ ಚೀಲಕ್ಕೆ ತುರುಕಿದೆ.

ವಾರದ ನಂತರ ಫೋಟೋ ಕೊಡಲು ಹೋದಾಗ ಅಜ್ಜಿ ಮೊಮ್ಮಗಳನ್ನು ಬಿಟ್ಟು ಬುಟ್ಟಿಯನ್ನೇ ನೋಡಿದರು. ಹೆಣಿಗೆ ಭಾಳ ಗಟ್ಟಿ ಇದೆ, ಎಲ್ಲಿ ಸಿಕ್ಕಿತು ಎಂದು ಕೇಳಿದರು. ಈಗ ಅದು ಅವರ ಮನೆಯಲ್ಲೇ ಇದೆ, ರೊಟ್ಟಿ ತುಂಬಿಕೊಂಡು.

ಬೊಟ್ಟು

ಬಾಗಲಕೋಟೆಯಲ್ಲೇ, ನಿವೃತ್ತ ಮಾಸ್ತರರೊಬ್ಬರ ಮೊಮ್ಮಗ. ದೃಷ್ಟಿ ತಾಗಬಾರದೆಂದು ಗಲ್ಲದ ಮೇಲೆ ಎಂಟಾಣೆ ಅಗಲದ ಕಾಡಿಗೆ ಬೊಟ್ಟು. ಒರೆಸಲು ಯಾರೂ ಬಿಡಲಿಲ್ಲ. ನಾನೂ ಸುಮ್ಮನೆ ಫೋಟೋ ತೆಗೆದು, ಸ್ಟುಡಿಯೋಗೆ ಬಂದು ಕಂಪ್ಯೂಟರಿನಲ್ಲಿ ಬೊಟ್ಟು ಅಳಿಸಿ ಕಳಿಸಿದೆ. ಭಾರೀ ಜಾಣತನ ಮಾಡಿದೆ ಅಂದುಕೊಂಡಿದ್ದೆ.

ಮರುದಿನವೇ ಮಾಸ್ತರರ ಫೋನು. ಆ ಫೋಟೋ ಬಂದಾಗಿನಿಂದ ಕೂಸು ಹಾಲು ಕುಡಿಯುತ್ತಿಲ್ಲವಂತೆ. ನೀವು ವಿಜ್ಞಾನ ಕಲಿಸಿದವರು, ನೀವೇ ಹೀಗಂದರೆ ಹೇಗೆ ಎಂದೆ. ವಿಜ್ಞಾನ ಕಲಿಸಿದ್ದು ಶಾಲೆಯಲ್ಲಿ, ಇದು ಮನೆ ಎಂದರು. ಸೋತು, ಅಳಿಸಿದ ಬೊಟ್ಟನ್ನು ಮತ್ತೆ ಕೂಡಿಸಿ ಕಳಿಸಿದೆ. ಐದು ನಿಮಿಷಕ್ಕೆ ಮತ್ತೆ ಫೋನು ಬಂತು.

"ಇನ್ನೊಂಚೂರು ದೊಡ್ಡದು ಮಾಡ್ರಿ ಅಕ್ಕಾರ. ಇದನ್ನ ಬೀಗರಿಗೂ ಕಳಸೂದೈತಿ."

ಪಟಕಾ

ಬಾದಾಮಿಯಲ್ಲಿ ಒಂದು ದೊಡ್ಡ ಮನೆತನ, ಎಲ್ಲರೂ ಕೂಡಿದ ಫೋಟೋ. ನಡುವೆ ಮುತ್ತಜ್ಜನನ್ನು ಕೂಡಿಸಿ ತೊಡೆಯ ಮೇಲೆ ಕೂಸನ್ನು ಕೊಟ್ಟೆ. ಅವರು ತಲೆಗೆ ಸುತ್ತಿದ್ದ ಪಟಕಾ ತೆಗೆದಿಟ್ಟರು, ಚಷ್ಮಾ ತೆಗೆದಿಟ್ಟರು, ಎರಡೂ ಕಿವಿ ಕಾಣುವಂತೆ ನೆಟ್ಟಗೆ ಕುಳಿತು ನನ್ನನ್ನು ದಿಟ್ಟಿಸಿದರು. ಸ್ವಲ್ಪ ನಗಿರಿ ಎಂದರೆ, ನಕ್ಕರೆ ಕಾಗದ ವಾಪಸು ಬರುತ್ತವೆ ಎಂದರು. ಪಾಪ, ಅವರು ಈವರೆಗೆ ಫೋಟೋ ತೆಗೆಸಿದ್ದೆಲ್ಲ ಪಿಂಚಣಿಗೆ ಮತ್ತು ರೇಷನ್ ಕಾರ್ಡಿಗೆ.

ಅಷ್ಟರಲ್ಲಿ ಕೂಸು ಅವರ ಧೋತರ ತೋಯಿಸಿತು. ಅಜ್ಜ ಬೊಚ್ಚು ಬಾಯಿ ತೆರೆದು ನಕ್ಕರು, ನಾನು ಬಿಡದೆ ಕ್ಲಿಕ್ಕಿಸಿದೆ. ಫೋಟೋ ಅವರಿಗೆ ಬಹಳ ಹಿಡಿಸಿತು. ಉಳಿದ ಹದಿನೇಳು ಮಂದಿಯನ್ನು ಅಂಗೈಯಿಂದ ಮುಚ್ಚಿ ನೋಡಿ, "ಇದರಾಗ ನಂದಷ್ಟ ಕತ್ತರಿಸಿ ಎಂಟು ಪಾಸ್‌ಪೋರ್ಟ್ ಸೈಜ್ ಕೊಡು ತಂಗಿ" ಎಂದರು.

ಗುದ್ದು

ಇದು ಹುನಗುಂದದ್ದು, ಹೆಸರಿಡುವ ದಿನದ್ದು. ನಾನು ಹೋದ ಕೂಡಲೇ ಮನೆಯ ಅಜ್ಜಿ ನನ್ನನ್ನು ಮೂಲೆಗೆ ಕರೆದರು. ಅವರ ಮಗಳು ಮತ್ತು ಸೊಸೆ ಮಾತು ಬಿಟ್ಟು ವರ್ಷವಾಗಿತ್ತಂತೆ. ಸೊಸೆ ಕೊಟ್ಟ ಸೀರೆಯ ಬಣ್ಣಕ್ಕೆ ಮಗಳು ಏನೋ ಅಂದಳು, ಅಲ್ಲಿಂದ ಸುರು. ಇಬ್ಬರೂ ಕೂಡಿ ನಗುವ ಒಂದೇ ಒಂದು ಫೋಟೋ ಬೇಕು, ನಾನು ಕಣ್ಣು ಮುಚ್ಚುವುದರೊಳಗೆ ನೋಡಬೇಕು ಎಂದರು. ಯೋಚಿಸದೆ ಆಗಲಿ ಎಂದುಬಿಟ್ಟೆ.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅವಳು ಬಗ್ಗಿ ಹೇಳುತ್ತಿದ್ದಂತೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಶಾಸ್ತ್ರಕ್ಕೆ ಅಷ್ಟೇ. ಮಗಳು ಬಿಗಿದ ಮುಖದಲ್ಲೇ ತೊಟ್ಟಿಲಿಗೆ ಬಗ್ಗಿದಳು, ಹೆಸರು ಹೇಳಿದಳು, ಗುದ್ದೂ ಬಿದ್ದವು. ಬಾಣಂತಿ ಸೊಸೆ ಮಾತ್ರ ಗೋಡೆಗೆ ಒರಗಿ ಕಿಟಕಿ ನೋಡುತ್ತಿದ್ದಳು. ನನ್ನ ಕ್ಯಾಮೆರಾದಲ್ಲಿ ನೋಡಿದರೆ ಬರೀ ಮೊಣಕೈಗಳು ಬಂದಿದ್ದವು.

ಇನ್ನೊಮ್ಮೆ ಎಂದೆ. ಮತ್ತೆ ಬಗ್ಗಿದಳು, ಮತ್ತೆ ಗುದ್ದು. ಈ ಸಲ ಫ್ಲ್ಯಾಶ್ ಹೊತ್ತಲಿಲ್ಲ. ಮತ್ತೊಮ್ಮೆ ಎಂದಾಗ ಅವಳು ನನ್ನನ್ನು ದುರುಗುಟ್ಟಿ ನೋಡಿ, ಕೂಸಿಗೆ ಹೆಸರು ಬಾಯಿಪಾಠವಾಗಿದೆ, ಬೆನ್ನು ಮಾತ್ರ ನನ್ನದು ಎಂದಳು. ಆಗ ಗೋಡೆಯ ಕಡೆಯಿಂದ ನನ್ನನ್ನು ಕರೆದ ದನಿ ಬಂತು.

"ತಡೀರಿ ಅಕ್ಕಾರ, ಈ ಸಲ ನಾ ಬರ್ತೇನಿ."

ಬಾಣಂತಿ ಎದ್ದಿದ್ದಳು. ನಾದಿನಿ ಮತ್ತೆ ಬಗ್ಗಿದಳು. ಬಾಣಂತಿ ಸೆರಗು ಸಿಕ್ಕಿಸಿ ಒಂದು ಹಾಕಿದಳು. ಅದರ ಸಪ್ಪಳಕ್ಕೆ ಕೂಸು ಎಚ್ಚರವಾಯಿತು. ನಾದಿನಿ ಬಗ್ಗಿದಲ್ಲಿಂದಲೇ ಮುಖ ಹೊರಳಿಸಿದಳು.

"ವೈನಿ, ಈ ಗುದ್ದು ಹೆಸರಿಂದಲ್ಲ. ಸೀರಿದು."

ವರ್ಷದ ಮೇಲೆ ಆಡಿದ ಮೊದಲ ಮಾತು. ಬಾಣಂತಿಗೆ ನಗು ತಡೆಯಲಿಲ್ಲ, ಇವಳಿಗೂ ತಡೆಯಲಿಲ್ಲ. ಇಬ್ಬರೂ ತೊಟ್ಟಿಲು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಗುಂಡಿ ಒತ್ತಿದ ಕೈ ಎತ್ತಲೇ ಇಲ್ಲ.

ಅಜ್ಜಿಗೆ ಕ್ಯಾಮೆರಾ ತೋರಿಸಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಇದೂ ಬಂದಿಲ್ಲ ಅಂತ ಹೇಳ ಯವ್ವಾ. ಇಬ್ಬರಿಗೂ ನಂದೊಂದೊಂದು ಗುದ್ದು ಉಳದಾವ."