ಹನ್ನೊಂದು ವರ್ಷ ಬಾಯಿ ಬಿಡದ ಕೋಡ್

ಭಾವ: ನಲವತ್ತು ಸಾಲು ಕಿತ್ತುಹಾಕಿ ಮೂರು ಸಾಲು ಇಟ್ಟಿದ್ದೀಯ. ಇದು ಕೋಡ್ ಬರೆಯೋದೋ, ಕ್ಷೌರ ಮಾಡೋದೋ?

ನಾದಿನಿ: ಮೂರು ಸಾಲಲ್ಲಿ ಮುಗಿಯೋದನ್ನ ನೀವು ನಲವತ್ತು ಸಾಲು ಊರೆಲ್ಲಾ ಸುತ್ತಿಸಿದ್ದೀರಲ್ಲ, ಅದೇನು ಭಾವ?

ಇಬ್ಬರದೂ ಒಂದೇ ಕಚೇರಿ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವುದು ಅವರ ಕೆಲಸ. ಯಂತ್ರಕ್ಕೆ ತೊಂದರೆಯಾದಾಗ ಪರದೆಯ ಮೇಲೆ ದೂರಿನ ಸಂದೇಶ ತೋರಿಸಲು ಭಾವ ಬರೆದಿದ್ದ ಹಳೆಯ ಕೋಡನ್ನು ನಾದಿನಿ ತಿದ್ದಿದ್ದಳು. ಸಂಜೆ ಐದಕ್ಕೆ ಹೊಸ ಆವೃತ್ತಿಯ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಭಾವ ಒಪ್ಪಿಗೆ ಒತ್ತದಿದ್ದರೆ ಆಕೆಯ ಮೊಟ್ಟಮೊದಲ ತಿದ್ದುಪಡಿ ಇನ್ನಾರು ತಿಂಗಳು ಕೊಳೆಯಬೇಕು. ಆಗಲೇ ನಾಲ್ಕೂವರೆ.

ಭಾವ: ಸುತ್ತಾಟ ಅಲ್ಲಮ್ಮ, ಶಿಸ್ತು. ಮೊದಲು ಸಂದೇಶದ ಉದ್ದ ಅಳೀಬೇಕು. ಅಷ್ಟು ಮೆಮೊರಿ ಕೇಳಿ ಪಡೀಬೇಕು. ಸಿಕ್ಕ ಜಾಗಕ್ಕೆ, ಅಂದ್ರೆ ಬಫರ್‌ಗೆ, ಅಕ್ಷರ ತುಂಬಿ, ಪರದೆಗೆ ಕಳಿಸಿ, ತಗೊಂಡ ಜಾಗ ಮರ್ಯಾದೆಯಾಗಿ ವಾಪಸ್ ಕೊಡಬೇಕು.

ನಾದಿನಿ: ನಾನು ಒಂದು ಬಫರ್ ಮೊದಲೇ ಎತ್ತಿಟ್ಟಿದ್ದೀನಿ. ಅಕ್ಷರ ನೇರವಾಗಿ ಅದರೊಳಕ್ಕೆ. ಉದ್ದ ಜಾಸ್ತಿ ಆದ್ರೆ ಬಾಲ ತಾನೇ ಕತ್ತರಿಸಿಹೋಗುತ್ತೆ.

ಭಾವ: ಬಾಲ ಕತ್ತರಿಸೋದಾ! ಮಾತು ಅಂದ್ರೆ ಪೂರ್ತಿ ಆಡಬೇಕು. ನಿಮ್ಮಕ್ಕನ್ನ ನೋಡಿ ಕಲಿ.

ನಾದಿನಿ: ಅಕ್ಕನ ಮಾತಿಗೆ ನೀವೆಷ್ಟು ದೊಡ್ಡ ಬಫರ್ ಇಟ್ಟಿದ್ದೀರಿ?

ಭಾವ: ಈ ಕಿವೀಲಿ ತಗೊಂಡು ಆ ಕಿವೀಲಿ ಬಿಡ್ತೀನಿ. ಮಾತು ಮರೆಸಬೇಡ. ಹನ್ನೊಂದು ವರ್ಷದಿಂದ ಓಡ್ತಿರೋ ಕೋಡ್ ಅದು. 'ಮೆಮೊರಿ ಖಾಲಿ' ಅಂತ ಒಂದೇ ಒಂದು ದಿನ ಕೂಗಿದ್ದುಂಟಾ?

ನಾದಿನಿ: ಎಲ್ಲಿಂದ ಕೂಗುತ್ತೆ? ಮೆಮೊರಿ ಖಾಲಿ ಅಂತ ಹೇಳೋಕೇ ಅದು ಮೊದಲು ಮೆಮೊರಿ ಕೇಳುತ್ತೆ. ಸಿಗಲ್ಲ. ಬಾಯಿ ಮುಚ್ಕೊಂಡು ವಾಪಸ್ ಬರುತ್ತೆ. ಹಸಿವು ಅನ್ನೋನಿಗೆ, ಊಟ ಮಾಡ್ಕೊಂಡು ಬಂದು ಹೇಳಪ್ಪಾ ಅಂದ ಹಾಗಾಯ್ತು.

ಭಾವನ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು.

ಭಾವ: ಅಂದ್ರೆ... ಗೋಡೆ ಮೇಲಿರೋ ನನ್ನ ಫಲಕ? 'ಹನ್ನೊಂದು ವರ್ಷ, ಒಂದೂ ದೂರಿಲ್ಲ'?

ನಾದಿನಿ: ದೂರು ಕೊಡೋನ ಬಾಯಿಗೇ ಬೀಗ ಹಾಕಿದ್ರೆ ದೂರು ಎಲ್ಲಿಂದ ಬಂದೀತು?

ಭಾವ: ಬಾಯಿಗೆ ಬಂದಂಗೆ ಮಾತಾಡಬೇಡ. ಓಡಿಸಿ ತೋರಿಸು!

ಆಕೆ ಪಕ್ಕದ ಪರೀಕ್ಷಾ ಯಂತ್ರಕ್ಕೆ ತನ್ನ ಮೂರು ಸಾಲು ಹಾಕಿ, ಮೆಮೊರಿ ಮುಗಿಯುವ ತನಕ ಕೆಲಸ ಹೇರಿದಳು. ನಾಲ್ಕು ಐವತ್ತಕ್ಕೆ ಪರದೆ ಬಾಯಿ ಬಿಟ್ಟಿತು. ಆಕೆ ಇಡೀ ಕಚೇರಿಗೆ ಕೇಳುವಂತೆ ಓದಿದಳು.

ನಾದಿನಿ: 'ಮೆಮೊರಿ ಖಾಲಿ. ತಗೊಂಡು ವಾಪಸ್ ಕೊಡದಿರುವುದು: ಡಿಸ್ಕ್ ವಿಭಾಗದ ಕೋಡ್. ಅದನ್ನು ಬರೆದವರು...' ಅಯ್ಯೋ ಭಾವ, ಇದು ನಿಮ್ಮ ಹೆಸರಲ್ವಾ? ಮರ್ಯಾದೆಯಾಗಿ ವಾಪಸ್ ಕೊಡಬೇಕು ಅಂತ ಈಗ ತಾನೇ ಪಾಠ ಹೇಳಿದ್ರಿ!

ಸುತ್ತಲಿನ ಮೇಜುಗಳಿಂದ ಆರು ತಲೆ ಎದ್ದವು. ಭಾವ ತೆಪ್ಪಗೆ ಒಪ್ಪಿಗೆ ಒತ್ತಿದ. ಆಮೇಲೆ ಕುರ್ಚಿಯನ್ನು ಆಕೆಯ ಪಕ್ಕಕ್ಕೆ ಎಳೆದುಕೊಂಡ.

ಭಾವ (ಪಿಸುದನಿಯಲ್ಲಿ): ಆ ಬಾಲ ಕತ್ತರಿಸೋದು ಅಂದ್ಯಲ್ಲ, ಬಹಳ ಒಳ್ಳೇ ಯೋಚನೆ ಕಣೆ. ಬಫರ್ ಇನ್ನೊಂಚೂರು ಚಿಕ್ಕದು ಮಾಡಿದ್ರೆ ನನ್ನ ಹೆಸರು ಬರೋಕೆ ಮುಂಚೆ ಕತ್ತರಿಸುತ್ತಾ?

ನಾದಿನಿ: ಛೆ, ಛೆ! ಮಾತು ಅಂದ್ರೆ ಪೂರ್ತಿ ಆಡಬೇಕು, ಭಾವ.