ನಮ್ಮ ನಾಕಾದ ಪಾಯಖಾನಿ ಹೋರಾಟ

ಹೋರಾಟ ಅಂದ್ರ ಮುಷ್ಟಿ ಬಿಗಿ ಹಿಡದು ಗಂಟಲ ಹರಕೊಂಡು ಒದರೂದು ಅಂತ ನಾನೂ ತಿಳದಿದ್ದೆ. ಹೆಂಗಸರು ಹೋರಾಟಕ್ಕ ನಿಂತ್ರ ಒದರೂದಕ್ಕಿಂತ ನಗೂದ ಜಾಸ್ತಿ ಆಗ್ತೈತಿ ಅನ್ನೂದು ಮುಂಬೈದ ಆಂಟಾಪ್ ಹಿಲ್ಲಿನಾಗ ಚಾದ ಅಂಗಡಿ ಹಾಕಿದ ಮ್ಯಾಲೆ ಗೊತ್ತಾತು. ನಾವು ಧಾರವಾಡದವರು. ನಮ್ಮ ಅಂಗಡಿ ಮುಂದಿನ ಚೌಕಕ್ಕ ನಾಕಾ ಅಂತಾರ. ಬಿಲ್ಡಿಂಗ್ ಕಟ್ಟೂ ಕೆಲಸಕ್ಕ ಹೋಗೂ ಮಂದಿ ಮುಂಜಾನೆದ್ದು ಅಲ್ಲಿ ಬಂದು ನಿಂದರ್ತಾರ, ಠೇಕೇದಾರ ಬಂದು ತನಗ ಬೇಕಾದವರನ್ನ ಕರಕೊಂಡು ಹೋಗ್ತಾನ. ವಿಜಯಪುರ, ಕಲಬುರಗಿ ಕಡೆಯವರ ಹೆಚ್ಚು. ಅಷ್ಟು ಹೆಂಗಸರು ಒಂದು ಕಡೆ ನಿಂತ ಮ್ಯಾಲೆ ದಿನಾ ಏನರೆ ಒಂದು ಆಗದ ಇರ್ತೈತೇನು?

ನನ್ನ ಚಾಕ್ಕ ಆದ ಅಪಮಾನ

ಮೊದಲನೇ ತಿಂಗಳದಾಗ ನನಗ ಒಂದು ಮಾತು ಭಾಳ ಚುಚ್ಚತಿತ್ತು. ನಾಕಾದ ಗಂಡಸರು ಒಬ್ಬೊಬ್ಬರು ಎರಡೆರಡು ಸಲ ಚಾ ಕುಡೀತಿದ್ರು. ಹೆಂಗಸರು ಒಬ್ಬಾಕಿನೂ ಕಪ್ಪು ಮುಟ್ಟತಿದ್ದಿಲ್ಲ. "ಬ್ಯಾಡ್ರಿ ಬಾಯಾರ" ಅಂತ ನಕ್ಕು ಆ ಕಡೆ ಮುಖಾ ತಿರಿವತಿದ್ರು. ನಾನು ಶುಂಠಿ ಹೆಚ್ಚಿಗಿ ಹಾಕಿದೆ. ಯಾಲಕ್ಕಿ ಹಾಕಿದೆ. ಹಾಲಿನವನನ್ನ ಬದಲು ಮಾಡಿದೆ. ಊಹೂಂ! ಕಡೀಕ "ಇವತ್ತ ಪುಕ್ಕಟ, ಬರ್ರಿ" ಅಂತ ಕರದೆ. ಮುಂಬೈದಾಗ ಪುಕ್ಕಟ ಚಾ ಯಾರರೆ ಬ್ಯಾಡ ಅಂದದ್ದು ಕೇಳೀರೇನು? ಇವರು ಅಂದ್ರು.

ನನ್ನ ಸಿಟ್ಟು ಮೊದಲ ಮೂಗಿನ ತುದಿಮ್ಯಾಲೆ. ಸೌಟು ಬಿಸಾಕಿ ಸೀದಾ ನಾಕಾಕ್ಕ ಹೋಗಿ, "ನನ್ನ ಚಾದಾಗ ಹುಳಾ ಬಿದ್ದಾವೇನ್ರೆ?" ಅಂತ ಕೇಳಿದೆ. ಅವರೊಳಗ ವಯಸ್ಸಾದಾಕಿ ಒಬ್ಬಾಕಿ ಇದ್ಲು. ಹರೇದಾಗಿಂದ ಉಸುಕು ಹೊತ್ತು ಹೊತ್ತು ನೆತ್ತಿ ಸವಿಸಿಕೊಂಡಾಕಿ, ಎಲ್ಲಾರೂ ಅಕ್ಕಾ ಅಂತಿದ್ರು. ಆಕಿ ನನ್ನ ರಟ್ಟಿ ಹಿಡದು ಬಾಜೂಕ ಎಳಕೊಂಡ್ಲು.

"ತಂಗೀ, ನಿನ್ನ ಚಾದ ವಾಸನೀಗೆ ನಮ್ಮ ಜೀಂವಾ ಬಾಯಿಗೆ ಬರ್ತೈತಿ. ಕುಡದ ಮ್ಯಾಲೆ ಹೋಗೂದು ಎಲ್ಲಿ? ಗಂಡಸರಿಗೆ ಊರ ಗ್ವಾಡಿ ಎಲ್ಲಾ ತಮ್ಮವ. ನಮಗ?"

ಮನಿ ಬಿಟ್ಟಾಗಿಂದ ಸಂಜೀಕ ಮನಿ ಮುಟ್ಟೂತನಕ ಒಂದು ಗುಟುಕು ನೀರೂ ಕುಡಿಯೂದಿಲ್ಲಂತ. ಕೇಳಿ ಕಣ್ಣಾಗ ನೀರು ಬಂತು. ಆದ್ರ ಸುಳ್ಳ ಯಾಕ ಹೇಳಬೇಕು, ಚಾ ಚೊಲೋ ಐತಿ ಅಂದಿದ್ದಕ್ಕ ಒಳಗೊಳಗ ಸಮಾಧಾನನೂ ಆತು!

ಯಜಮಾನರ ಸ್ನಾನ

ಅದ ವಾರ ಒಬ್ಬಾಕಿ ಹುಡುಗಿ ನನ್ನ ಅಂಗಡಿ ಪಾವಟಿಗಿ ಮ್ಯಾಲೆ ಕಣ್ಣಿಗೆ ಕತ್ತಲಿ ಬಂದು ಬಿದ್ಲು. ಇಂಡಿ ಕಡೆಯಾಕಿ, ಐದು ತಿಂಗಳ ಬಸರಿ. ನಾನೂ ಅಕ್ಕನೂ ಕೂಡಿ ಡಾಕ್ಟರ ಕಡೆ ಕರಕೊಂಡು ಹೋದಿವಿ. ಡಾಕ್ಟರು, "ಮೈಯಾಗ ನೀರು ಇಲ್ಲ. ಹಿಂಗ ನಡದ್ರ ಕೂಸಿಗೆ ಧೋಕಾ. ದಿನಾ ತಂಬಿಗಿಗಟ್ಟಲೆ ನೀರು ಕುಡೀಬೇಕು" ಅಂತ ಬೈದ್ರು. ಹೊರಗ ಬಂದ ಮ್ಯಾಲೆ ಹುಡುಗಿ ಅಂದ್ಲು: "ಕುಡೀ ಅಂತ ಎಲ್ಲಾರೂ ಹೇಳ್ತಾರ್ರಿ, ಬಿಡೂದು ಎಲ್ಲಿ ಅಂತ ಯಾರೂ ಹೇಳವಲ್ರು."

"ನಮ್ಮ ಮನಿ ಇಲ್ಲೇ ಹಿಂದಿನ ಬಿಲ್ಡಿಂಗಿನಾಗ, ತಳದ ಮಜಲಾ. ಬಂದು ಹೋಗವಾ" ಅಂದೆ. ಕರದದ್ದು ಒಬ್ಬಾಕಿನ್ನ. ಮರುದಿನ ಮುಂಜಾನೆ ಇಡೀ ನಾಕಾ ನಮ್ಮ ಬಾಗಲದಾಗ ಪಾಳಿ ಹಚ್ಚಿತ್ತು!

ನಮ್ಮ ಯಜಮಾನರು ಪಾರ್ಲೆದಾಗ ಒಂದು ಆಫೀಸಿನ ಕಾರಕೂನರು. ಲೋಕಲ್ ಟ್ರೇನ್ ಹಿಡಿಯೂ ಗಡಿಬಿಡಿ, ಮನ್ಯಾಗ ಸ್ನಾನಕ್ಕೂ ಪಾಯಖಾನಿಗೂ ಒಂದ ಖೋಲಿ. ಟಾವೆಲ್ ಸುತಗೊಂಡು, ಕಾದ ನೀರಿನ ಬಕೀಟ ಹಿಡಕೊಂಡು ಅಡಗಿಮನಿಯಿಂದ ಹೊರಗ ಬಂದ್ರ ಎದುರಿಗೆ ಸಾಲು ಹೆಂಗಸರು. ಎಲ್ಲಾರೂ ಮರ್ಯಾದಿಯಿಂದ ತಲಿಮ್ಯಾಲೆ ಸೆರಗು ಹೊತ್ತರು. ಒಬ್ಬಾಕಿ ಸರದು ಜಾಗಾ ಮಾಡಿ, "ಬರ್ರಿ ಸಾಹೇಬ್ರ, ನನ್ನ ಹಿಂದ ನಿಂದರ್ರಿ" ಅಂದ್ಲು. ಅವರು ಬಕೀಟ ಸಮೇತ ಅಡಗಿಮನಿಗೆ ವಾಪಸ್.

ನಾಕು ದಿನಕ್ಕ ಬಿಲ್ಡಿಂಗಿನ ಸೊಸೈಟಿ ಚೇರಮನ್ನರು ಬಂದು ನೀರಿನ ಟಾಕಿ ಬರಿದಾಗೈತಿ ಅಂತ ಕೂಗಾಡಿದ್ರು. ಒಬ್ಬಾಕಿಗೆ ಮಾತ್ರ ಪರವಾನಗಿ ಅಂತ ಠರಾವಾತು. ಆವತ್ತ ರಾತ್ರಿ ಊಟಕ್ಕ ಕುಂತಾಗ ಯಜಮಾನರು ತಲಿ ಎತ್ತದ ಅಂದ್ರು, "ಆ ಬಸರಿ ಹುಡುಗಿಗೆ ಯಾವಾಗ ಬೇಕೋ ಆವಾಗ ಬರಲಿಕ್ಕೆ ಹೇಳು. ನಾನು ಆಫೀಸಿನಾಗ ಸ್ನಾನಾ ಮಾಡ್ತೀನಿ."

ಅವರ ಆಫೀಸಿನಾಗ ಸ್ನಾನದ ಮನಿ ಇಲ್ಲ. ಅದು ನನಗ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರ ತಾಟಿಗೆ ಇನ್ನೊಂದು ಚಪಾತಿ ಹಾಕಿದೆ.

ಬಾಯಿಗೆ ಬರದ ಮಾತು

ಒಬ್ಬಾಕಿ ಬಸರಿದೇನೋ ವ್ಯವಸ್ಥಾ ಆತು, ಉಳದವರದು? ಅಕ್ಕಾ ಸೆರಗು ಟೊಂಕಕ್ಕ ಸಿಗಸಿದ್ಲು. ಒಂದು ಮಹಿಳಾ ಮಂಡಳಿ ಕಟ್ಟಿದ್ಲು. ಎಲ್ಲಾರೂ ಒಂದಿನದ ಪಗಾರ ಬಿಟ್ಟು ಸರ್ಕಾರಿ ಆಫೀಸಿಗೆ ಹೋದಿವಿ. ನಮ್ಮ ಪುಣ್ಯಾಕ ಸಾಹೇಬ್ರು ಬೆಳಗಾವಿ ಕಡೆಯವರು, ಕನ್ನಡ ಬರ್ತಿತ್ತು. ಬಸ್ಸಿನಾಗ ಅಕ್ಕಾ ಹುಲಿಹಂಗ ಭಾಷಣಾ ಮಾಡಿದ್ಲು. ಒಳಗ ಹೋಗಿ ಸಾಹೇಬ್ರ ಮೀಸಿ ನೋಡಿದ್ದ ತಡಾ, ನಾಚಿಕಿ ಬಂದು ತಲಿಮ್ಯಾಲೆ ಸೆರಗು ಎಳಕೊಂಡು ನೆಲಾ ನೋಡಾಕ ಹತ್ತಿದ್ಲು.

"ಏನ್ ಬೇಕಾಗಿತ್ರಿ?"

"ಅದು ಬೇಕಾಗಿತ್ರಿ."

"ಅದು ಅಂದ್ರ?"

"ಅದ ರೀ, ಎಲ್ಲಾರಿಗೂ ದಿನಾ ಬೇಕಾಗೂದು."

"ರೇಶನ್ನಾ?"

"ಅಲ್ರಿ."

"ನಳದ ನೀರಾ?"

"ನೀರಿನ ನಂತರದ್ದು ರೀ."

"ಮನಿ ಏನ್ರಿ?"

"ಅಷ್ಟು ದೊಡ್ಡದ್ಯಾಕ್ರಿ? ಸಣ್ಣದು, ಒಬ್ಬರು ಕುಂದರೂವಷ್ಟು."

"ಓಹೋ, ಅಂಗಡಿ ಹಾಕಾಕ ಜಾಗಾ!" ಅಂತ ಸಾಹೇಬ್ರಿಗೆ ಖುಷಿ ಆತು. ನನಗ ತಡಕೊಳ್ಳಾಕ ಆಗಲಿಲ್ಲ, ಇನ್ನೇನು ನಾನ ಒದರಬೇಕು ಅನ್ನೂದ್ರಾಗ ಹಿಂದ ನಿಂತ ಬಸರಿ ಹುಡುಗಿ ಮೆತ್ತಗ ಕಿರಿಬಟ್ಟು ಎತ್ತಿ ತೋರಿಸಿದ್ಲು.

ಸಾಹೇಬ್ರು ಖುರ್ಚಿ ಬಿಟ್ಟು ಎದ್ದರು. "ಅಯ್ಯ, ಮೊದಲ ಹೇಳಬಾರದೇನು ತಂಗೀ!" ಅಂತ ಸಿಪಾಯಿನ್ನ ಕರದು, "ಇವರನ್ನ ಲೇಡೀಸ್ ಕಡೆ ಕರಕೊಂಡು ಹೋಗು" ಅಂದ್ರು. ಸಿಪಾಯಿ ತಲಿ ಕೆರಕೊಂಡಾ. "ಅದಕ್ಕ ಕೀಲಿ ಹಾಕೈತ್ರಿ ಸಾಹೇಬ್ರ. ಕೀಲಿಕೈ ಮೇಡಂ ಕಡೆ ಐತಿ. ಮೇಡಂ ರಜಾ ಮ್ಯಾಲೆ ಊರಿಗೆ ಹೋಗ್ಯಾರ."

ಆವಾಗ ಬಂತು ನೋಡ್ರಿ ಅಕ್ಕನ ಧ್ವನಿ: "ಅದನ್ನ ಕೇಳಾಕ ಬಂದೀವಿ ನಾವು!"

ಮರುದಿನದಿಂದ ಅಕ್ಕಾ ನಾಕಾದಾಗ ತಾಲೀಮು ಸುರು ಮಾಡಿದ್ಲು. ಠೇಕೇದಾರ ಬರೂದ್ರಾಗ ಎಲ್ಲಾ ಹೆಂಗಸರೂ ಕೂಡಿ, ನಾಚಿಕಿ ಹೋಗೂತನಕ, "ಪಾಯಖಾನಿ!" ಅಂತ ಒದರಬೇಕು. ನನ್ನ ಅಂಗಡ್ಯಾಗ ಚಾ ಜೋಡಿ ಬಿಸ್ಕೀಟ ತಿನ್ನೂ ಗಿರಾಕಿ ಎಲ್ಲಾ ಆ ವಾರ ಬರೀ ಚಾದ ಮ್ಯಾಲೆ ನಿಂತ್ರು.

ಭಾಳ ಚೊಲೋ ಹೆಂಗಸು

ಮಹಿಳಾ ದಿನಕ್ಕ ಪಾರ್ಲೆದ ಒಂದು ಹಾಲಿನಾಗ ಕನ್ನಡ ಮಂದಿ ಕೂಡಿ ಅಕ್ಕಗ ಸನ್ಮಾನ ಇಟಕೊಂಡ್ರು. ಮಹಿಳಾ ಮಂಡಳಿ ಕಟ್ಟಿದ್ದ ಸುದ್ದಿ ಅಲ್ಲಿಮಟಾ ಹೋಗಿತ್ತು. ಸಿಂಹಾಸನದಂಥಾ ಖುರ್ಚಿ. ಅಕ್ಕನ ಕಾಲು ನೆಲಕ್ಕ ಮುಟ್ಟವಲ್ಲವು. ಆಕಿ ಬಾಜೂಕ ಹಾರಾ ಹಿಡಕೊಂಡು ನಾನು. ಅಧ್ಯಕ್ಷರು, "ಸ್ತ್ರೀಕುಲದ ಅನರ್ಘ್ಯ ರತ್ನ, ಸಾಮಾಜಿಕ ಪರಿವರ್ತನೆಯ ಧ್ರುವತಾರೆ" ಅಂತ ಸುರು ಮಾಡಿದವರು ನಿಲ್ಲಸವಲ್ರು. ಅಕ್ಕಾ ಬಾಯಿಗೆ ಸೆರಗು ಹಿಡದು ನನ್ನ ಕಡೆ ವಾಲಿದ್ಲು.

"ಯಾರ ಸುದ್ದಿ ಹೇಳಾಕತ್ತಾರ?"

"ನಿಂದ ಅಕ್ಕಾ."

ಅಕ್ಕಾ ಮತ್ತೊಂದು ಗಳಿಗಿ ಕಿವಿ ಕೊಟ್ಟು ಕೇಳಿದ್ಲು. "ಅಲ್ಲ ಬಿಡು. ಆಕಿ ಯಾರೋ ಭಾಳ ಚೊಲೋ ಹೆಂಗಸು ಇದ್ದಾಳ."

ನನಗ ನಗು ಬಂತು, ಅದರ ಜೋಡಿ ಅಳುನೂ ಬಂತು. ಹಾರದ ಮರ್ಯಾಗ ಮುಖಾ ಮುಚಗೊಂಡೆ.

ಕಡೀಕ ಮೈಕ್ ಅಕ್ಕನ ಕೈಗೆ ಬಂತು. "ಶಾಲು ಹೊಚ್ಚಿದ್ರಿ, ಹಣ್ಣು ಕೊಟ್ರಿ, ದೇವರು ನಿಮ್ಮನ್ನ ತಣ್ಣಗಿಡಲಿ. ನಮಗ ಪಾಯಖಾನಿ ಬೇಕ್ರಿ" ಅಂತ ಅಕ್ಕಾ ಒಂದ ಉಸುರಿನಾಗ ಅಂದು, ಮುಖ್ಯ ಅತಿಥಿ ಕಡೆ ತಿರುಗಿದ್ಲು. ಅವರು ನಮ್ಮ ಆಂಟಾಪ್ ಹಿಲ್ಲಿನ ಪುಢಾರಿ, ಮರಾಠಿಯವರು. ಅಕ್ಕಾ ಅದನ್ನ ಹಿಂದಿಯೊಳಗ ಮತ್ತೊಮ್ಮೆ ಕೇಳಿದ್ಲು. ಹಾಲಿನ ತುಂಬ ವಿಡಿಯೋ ತಗಿಯೂ ಮೊಬೈಲ್ ಎದ್ದು ನಿಂತಿದ್ವು. "ಹೋ ಜಾಯೇಗಾ, ಹೋ ಜಾಯೇಗಾ", ಆಗ್ತೈತಿ ಆಗ್ತೈತಿ ಅಂದ್ರು ಪಾಪ. ಅಕ್ಕಗ ಯಾವಾಗ ಅಂತ ತಾರೀಖ ಬೇಕಾಗಿತ್ತು. ಮೈಕ್ ಅವರ ಬಾಯಿಗೇ ಹಿಡದು, "ಕಬ್?" ಅಂದ್ಲು.

ಉದ್ಘಾಟನೆ

ಅಂತೂ ಮೇ ತಿಂಗಳದ ಉರಿಬಿಸಲಾಗ ನಾಕಾದ ಮೂಲ್ಯಾಗ ಪಾಯಖಾನಿ ನಿಂತಿತು. ಎರಡು ಬಾಗಲಾ, ತಗಡಿನ ಗ್ವಾಡಿ, ನಳಾ, ಲೈಟು. ನಡಸೂದೂ ತೊಳಿಯೂದೂ ಅಕ್ಕನ ಮಂಡಳಿಯವರ. ಉಸುಕು ಹೊರಾಕ ಆಗದ ಇಬ್ಬರು ಮುದುಕ್ಯಾರಿಗೆ ಅಲ್ಲೇ ಪಗಾರಿನ ಕೆಲಸಾ ಆತು.

ಉದ್ಘಾಟನಾಕ್ಕ ಪುಢಾರಿ ಸಾಹೇಬ್ರು, ಅವರ ಕಾರ್ಯಕರ್ತರು, ಫೋಟೋದವರು, ಬ್ಯಾಂಡು. ಬಾಗಲಕ್ಕ ಕೆಂಪು ಫೀತು. ಸಾಹೇಬ್ರ ಭಾಷಣಾ ಸುರು ಆತು, ಶಿವಾ, ಮುಗಿಯೂದಲ್ಲ. ದಿನಾ ತುಂಬಿದ ಬಸರಿ ಹುಡುಗಿ ನನ್ನ ಮಗ್ಗಲಕ್ಕ ನಿಂತಿದ್ಲು. ಮನೀಗೆ ಹೋಗಿ ಬಾ ಅಂದ್ರ ಒಲ್ಲೆ ಅಂದಿದ್ಲು. ಇವತ್ತ ತಮ್ಮ ಸ್ವಂತದ್ದರಾಗ ಹೋಗೂದಂತ! ಹಣಿ ಮ್ಯಾಲೆ ಬೆವರು, ತುಟಿ ಕಚ್ಚಿ ನಿಂತಾಳ. "ಅಕ್ಕಾ, ಇನ್ನ ಆಗೂದಿಲ್ಲ" ಅಂದ್ಲು.

ಅಕ್ಕಾ ತಾಟಿನಾಗಿಂದ ಕತ್ತರಿ ತಗೊಂಡು ಫೀತು ಕತ್ತರಿಸೇಬಿಟ್ಲು. ಸಾಹೇಬ್ರ ಬಾಯಾಗಿನ ಮಾತು ಬಾಯಾಗ ಉಳೀತು. ಮೊದಲ ಒಳಗ ಹೋಗೂ ಹೆಂಗಸಿನ ಫೋಟೋ ಬೇಕಂತ ಫೋಟೋದವರು ಓಡಿ ಬಂದು, "ಪಹಿಲಾ ಫೋಟೋ, ಪಹಿಲಾ ಫೋಟೋ!" ಅಂತ ಮುತ್ತಿದ್ರು. ಹುಡುಗಿ ಬಾಗಲಾ ಹಿಡಕೊಂಡು ನಿಂತಳು. ಒಳಗ ಹೋಗವಲ್ಲಳು. ಅಷ್ಟು ಮಂದಿ ಕಣ್ಣ ಮುಂದ ಹೆಂಗ ಹೋಗ್ತಾಳ್ರಿ? ಆಕಿ ಕಣ್ಣಾಗಿಂದ ನೀರು ಇಳಿಯಾಕ ಹತ್ತಿದ್ವು.

ಅಕ್ಕಾ ಸಾಹೇಬ್ರ ಕೈಯಾಗಿನ ಮೈಕ್ ಕಸಗೊಂಡ್ಲು. "ಗಂಡಸರೆಲ್ಲಾ ಆ ಕಡೆ ತಿರುಗ್ರಿ! ಫೋಟೋದವರೂ! ಬ್ಯಾಂಡಿನವರು ಜೋರಾಗಿ ಬಾರಸ್ರಿ!" ಹಿಂದಿಯೊಳಗೂ ಹೇಳಿದ್ಲು, ಮರಾಠಿಯೊಳಗೂ ಹೇಳಿದ್ಲು. ಎಲ್ಲಾರೂ ತಿರುಗಿದ್ರು. ಕೊಳ್ಳಾಗ ಹಾರಾ ಹಾಕ್ಕೊಂಡ ಸಾಹೇಬ್ರು ಒಬ್ಬರ ತಿರುಗದ ನಿಂತಿದ್ರು. "ಸಾಹೇಬ್, ಆಪ್ ಭೀ." ಅವರೂ ನನ್ನ ಅಂಗಡಿ ಗ್ವಾಡಿ ಕಡೆ ಮುಖಾ ಮಾಡಿದ್ರು. ಬ್ಯಾಂಡು ಢಂ ಢಂ ಅಂತು. ಹುಡುಗಿ ಒಳಗ ಹೋದ್ಲು.

ಹೊರಗ ಬಂದಾಗ ಆಕಿ ಮುಖಾ ನೋಡಬೇಕಿತ್ತು ನೀವು. ಅಂಥಾ ಹಗರು ನಗಿ ನಾನು ಜನ್ಮದಾಗ ನೋಡಿಲ್ಲ. ಅಕ್ಕಾ ಆಕಿ ಗದ್ದಾ ಹಿಡದು ದೃಷ್ಟಿ ತಗದು ಲಟಿಕಿ ಮುರದ್ಲು. ಆದ್ರ ಆಕಿ ಹಿಂದ ಇನ್ನೊಬ್ಬಾಕಿ ಒಳಗ ಹೋದ್ಲು, ಆಕಿ ಹಿಂದ ಮತ್ತೊಬ್ಬಾಕಿ. ಇಡೀ ನಾಕಾ ಪಾಳಿ ಹಚ್ಚಿಬಿಡ್ತು. ಬ್ಯಾಂಡಿನವರ ಕೈ ಸೋತ್ವು. ಸಾಹೇಬ್ರ ಕುತ್ತಿಗಿ ಮ್ಯಾಲೆ ಬಿಸಲು ಹೊಡಿಯಾಕ ಹತ್ತಿತ್ತು, ಹಾರದ ಹೂ ಬಾಡಿದ್ವು. ಕಡೀಕ ಅವರು ಗ್ವಾಡೀಗೇ ಮುಖಾ ಇಟಗೊಂಡು ಕೇಳಿದ್ರು, "ತಾಯೀ, ಝಾಲಂ ಕಾ?" ಆತೇನು, ಈಗ ತಿರುಗಬಹುದೇನು ಅಂತ.

ಅಕ್ಕಾ ಪಾಳಿ ಕಡೆ ಒಮ್ಮೆ ನೋಡಿದ್ಲು. ಆಮ್ಯಾಲೆ ಭಾಳ ಮರ್ಯಾದಿಯಿಂದ ಮೈಕಿನಾಗ ಅಂದ್ಲು:

"ಇನ್ನಾ ಮಂದಿ ಐತಿ ಸಾಹೇಬ್ರ. ನಾವು ಇಷ್ಟು ವರ್ಷ ತಡಕೊಂಡೀವಿ, ನೀವು ಸ್ವಲ್ಪ ತಡಕೋರಿ."